ಈರಪ್ಪನ ಏಳು ನಿಮಿಷ

ಸ್ಕೂಟರಿನ ಹಿಂದಿನ ಬ್ರೇಕು ಹಿಡಿಯುತ್ತಿಲ್ಲವೆಂದು ಮೊನ್ನೆ ಬೆಟಗೇರಿಯ ಒಂದು ಗ್ಯಾರೇಜಿಗೆ ಹೋಗಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಐದು ನಿಮಿಷವಿತ್ತು. ಚಕ್ರ ಬಿಚ್ಚಿ ನೆಲಕ್ಕಿಟ್ಟ ಮೆಕ್ಯಾನಿಕ್, "ಊಟಾ ಮಾಡಿ ಹಿಡೀತೇನ್ರಿ ಅಜ್ಜಾರ, ಕುಂಡ್ರಿ" ಎಂದು ಕೈ ತೊಳೆಯಲು ಹೋದ. ಮೂವರು ಕೆಲಸಗಾರರು ಹಳೆಯ ಟೈರುಗಳ ಮೇಲೆ ಪೇಪರು ಹಾಸಿ ಬುತ್ತಿ ಬಿಚ್ಚಿದರು. ಗ್ರೀಸು, ಸೀಮೆಎಣ್ಣೆ, ಅವುಗಳ ನಡುವಿನಿಂದ ಅಗಸಿ ಚಟ್ನಿಯ ವಾಸನೆ ಬಂತು. ಒಬ್ಬ ಇನ್ನೊಬ್ಬನ ಡಬ್ಬಿಗೆ ಕೇಳದೆ ಕೈ ಹಾಕಿದ. ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ. ನಿಮಗೂ ಎಂದಾದರೂ ಹೀಗೆ ಆಗಿರಬಹುದು. ನೆನಪು ಮೊದಲು ಮೂಗಿಗೆ ಮುಟ್ಟುತ್ತದೆ, ತಲೆಗೆ ಸುದ್ದಿ ತಡವಾಗಿ ಬರುತ್ತದೆ.

ತಡ ಎಂಬುದು ನನಗೆ ಆಗಿಬರುವುದಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಏಳಕ್ಕೆ ಚಹಾ, ಒಂದೂಕಾಲಿಗೆ ಊಟ. ನಿವೃತ್ತನಾದ ಮೇಲೂ ಇದರಲ್ಲಿ ಬದಲಾವಣೆಯಿಲ್ಲ. "ಯಮಾ ಬಂದ್ರೂ, ಮೊದ್ಲ ಕಾರ್ಡ್ ಹೊಡದ ಒಳಗ ಬಾ ಅಂತೀರಿ ನೀವು" ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಅವಳು ನಗೆಗೆ ಅನ್ನುವುದಿಲ್ಲ. ಬಿಂಕದಕಟ್ಟಿಯ ಆಚೆಗೆ ಲಾರಿ ಬಸ್ಸುಗಳಿಗೆ ಬ್ರೇಕು ತಯಾರಿಸುವ ಕಾರ್ಖಾನೆಯೊಂದಿತ್ತು, ಈಗ ಮುಚ್ಚಿಹೋಗಿದೆ. ಅಲ್ಲಿ ನಾನು ಟೈಮ್ ಕೀಪರ್. ಯಾರು ಎಷ್ಟಕ್ಕೆ ಬಂದರು, ಎಷ್ಟಕ್ಕೆ ಹೋದರು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ಕಾರ್ಮಿಕರು ನನ್ನನ್ನು ಎದುರಿಗೆ "ಸಾಹೇಬ್ರ" ಎನ್ನುತ್ತಿದ್ದರು, ಹಿಂದಿನಿಂದ "ಮುಳ್ಳು" ಎನ್ನುತ್ತಿದ್ದರು. ಗಡಿಯಾರದ ಮುಳ್ಳೋ ಜಾಲಿಯ ಮುಳ್ಳೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಜನ ಕಂಪನಿಯ ಬಸ್ಸಿನಲ್ಲಿ ಬರುತ್ತಿದ್ದರು. ಹೆಚ್ಚಿನವರು ಒಕ್ಕಲುತನದ ಮನೆಯವರು, ಬೆಟಗೇರಿಯವರು ನೇಕಾರ ಮನೆತನದವರು. ಮಧ್ಯಾಹ್ನ ಎಲ್ಲರೂ ಬೇವಿನ ಗಿಡದ ಕೆಳಗೆ ದುಂಡಗೆ ಕೂಡುತ್ತಿದ್ದರು. ಅಲ್ಲಿ ಒಂದು ಪದ್ಧತಿ ಇತ್ತು. ತನ್ನ ಡಬ್ಬಿಯನ್ನು ಯಾರೂ ತನ್ನ ಮುಂದೆ ಇಟ್ಟುಕೊಳ್ಳುತ್ತಿರಲಿಲ್ಲ. ಎಲ್ಲ ಡಬ್ಬಿಗಳೂ ನಡುವೆ. ಯಾರ ರೊಟ್ಟಿ ಯಾರ ಕೈಗೆ ಬಂತೆಂದು ಕೇಳುವುದೇ ಅವಮಾನ. ಆಫೀಸಿನವನಾದರೂ ನನ್ನನ್ನೂ ಕರೆಯುತ್ತಿದ್ದರು. ನಾನು ಸರಿಯಾಗಿ ಹದಿನೆಂಟು ನಿಮಿಷ ಕುಳಿತು ಏಳುತ್ತಿದ್ದೆ.

ಆ ದುಂಡಿನಲ್ಲಿ ಎಲ್ಲರಿಗಿಂತ ಬೇಗ ಖಾಲಿಯಾಗುತ್ತಿದ್ದುದು ಈರಪ್ಪನ ಡಬ್ಬಿ. ಅವನ ಹೆಂಡತಿ ನೀಲವ್ವನ ಅಗಸಿ ಚಟ್ನಿಗೆ ಅಷ್ಟು ಹೆಸರು. ಬೆಟಗೇರಿಯವನು, ಆಗ ಮೂವತ್ತರ ಆಸುಪಾಸು, ಬ್ರೇಕು ಜೋಡಿಸುವ ಕಟ್ಟೆಯ ಮೇಲೆ ಕೆಲಸ. ಎರಡು ಅರ್ಧಚಂದ್ರದಂಥ ತುಂಡುಗಳನ್ನು ತಟ್ಟೆಗೆ ಕೂಡಿಸಿ, ಗಟ್ಟಿ ಸ್ಪ್ರಿಂಗುಗಳನ್ನು ಕೊಕ್ಕೆಯಿಂದ ಎಳೆದು ಸಿಕ್ಕಿಸಬೇಕು. ಏಳು ವರ್ಷ ಗುತ್ತಿಗೆಯ ಮೇಲೆ ದುಡಿದು, ಆಗಷ್ಟೇ ಕಾಯಂ ಆಗಿದ್ದ. ಅವನ ಹಾಗೆ ಗುತ್ತಿಗೆಯ ಮೇಲೆ ದುಡಿದೂ ಕಾಯಂ ಆಗದವರು ಇನ್ನೂ ನೂರಾರು ಮಂದಿ ಇದ್ದರು. ಅವರನ್ನೂ ಕಾಯಂ ಮಾಡಬೇಕೆಂಬುದೇ ಯೂನಿಯನ್ನಿನ ಬೇಡಿಕೆ. ಮುಂದಾಳು ಅಡರಕಟ್ಟಿಯ ಫಕ್ಕೀರಪ್ಪ. ತಗಡು ಒತ್ತುವ ದೊಡ್ಡ ಪ್ರೆಸ್ ಮಶೀನಿನ ಮೇಲೆ ದುಡಿಯುವವನು, ದನಿಯೂ ಅದರದೇ. ಪಿಸುಮಾತು ಆಡಿದರೂ ಗೇಟಿನವರೆಗೆ ಕೇಳುತ್ತಿತ್ತು.

ಆಡಳಿತದವರು ಮಾತುಕತೆಗೆ ಬರಲಿಲ್ಲ. ಎಚ್ಚರಿಕೆಗೆಂದು ಒಂದು ದಿನ ಹತ್ತು ಗಂಟೆಗೆ ಒಂದು ತಾಸು ಟೂಲ್ ಡೌನ್ ಮಾಡುವುದೆಂದು ನಿಶ್ಚಯವಾಯಿತು. ಅಂದರೆ ಹೊರಗೆ ಹೋಗುವುದಲ್ಲ, ಕೈಯಲ್ಲಿದ್ದ ಸಾಮಾನು ಕೆಳಗಿಟ್ಟು ನಿಂತಲ್ಲೇ ನಿಲ್ಲುವುದು. ಯಾವ ವಿಭಾಗ ಎಷ್ಟಕ್ಕೆ ನಿಂತಿತೆಂದು ಬರೆಯಲು ನಾನು ರಿಜಿಸ್ಟರು ಹಿಡಿದು ಒಳಗೆ ಹೋದೆ. ಫಕ್ಕೀರಪ್ಪ ಸೀಟಿ ಊದಿದ. ನೀವು ಕಾರ್ಖಾನೆ ನಿಲ್ಲುವುದನ್ನು ಕೇಳಿದ್ದೀರಾ? ಸದ್ದು ಒಮ್ಮೆಲೇ ಹೋಗುವುದಿಲ್ಲ, ಒಂದೊಂದೇ ಮಶೀನು ಉಸಿರು ಬಿಟ್ಟು ಮಲಗುತ್ತದೆ. ಕೊನೆಗೆ ನನ್ನ ಬೂಟಿನ ಸದ್ದೇ ನನಗೆ ಕೇಳಿ ನಾಚಿಕೆಯಾಯಿತು. ಆಗ ಇನ್ನೊಂದು ಸದ್ದು ಕೇಳಿತು. ಟಕ್, ಟಕ್. ಕಂಬದ ಮರೆಯಲ್ಲಿ, ಕಟ್ಟೆಯ ತುದಿಯಲ್ಲಿ, ತಲೆ ತಗ್ಗಿಸಿಕೊಂಡು ಈರಪ್ಪ ಸ್ಪ್ರಿಂಗು ಸಿಕ್ಕಿಸುತ್ತಿದ್ದ. ನಾನು ಅವನ ಎದುರಿಗೆ ಹೋಗಿ ನಿಂತೆ. ಅವನು ನನ್ನನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ. ಅವನು ಕೊಕ್ಕೆ ಕೆಳಗಿಟ್ಟಾಗ ಹತ್ತು ಗಂಟೆ ಏಳು ನಿಮಿಷ. ಹಾಗೆಯೇ ಬರೆದೆ.

ಆಗ ನನಗೆ ಅದರಲ್ಲಿ ಅಚ್ಚರಿ ಎನಿಸಲಿಲ್ಲ. ನಾನೂ ನೇಕಾರರ ಮನೆಯಲ್ಲಿ ಹುಟ್ಟಿದವನು. ಮಗ್ಗದ ಮುಂದೆ ಕುಳಿತವರು ಲಾಳಿ ನಡುವೆ ಬಿಟ್ಟು ಏಳುವಂತಿಲ್ಲ ಎಂಬುದು ನಮ್ಮಜ್ಜಿಯ ಕಟ್ಟಪ್ಪಣೆ. ಬಾಗಿಲಲ್ಲಿ ಯಾರೇ ಬಂದು ಕೂಗಲಿ, ಎಳೆ ಈ ಅಂಚಿನಿಂದ ಆ ಅಂಚಿಗೆ ಮುಟ್ಟಿದ ಮೇಲೆಯೇ ಓಗೊಡಬೇಕು. ಬೆಟಗೇರಿಯ ರಕ್ತ, ಕೈಯೊಳಗಿನ ಕೆಲಸ ನಡುವೆ ಬಿಡಲಾರ ಎಂದುಕೊಂಡೆ. ಒಳಗೊಳಗೇ ಹೆಮ್ಮೆಯೂ ಆಯಿತು. ಆದರೆ ಇದನ್ನೆಲ್ಲ ಬರೆಯಲು ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ.

ಮರುದಿನ ನೋಟಿಸ್ ಬೋರ್ಡ್ ನೋಡಿದೆ. ಮುಷ್ಕರದ ಕರೆಗೆ ಕಿವಿಗೊಡದೆ ಕೆಲಸ ಮುಂದುವರಿಸಿದ ನಿಷ್ಠಾವಂತ ಎಂದು ಈರಪ್ಪನ ಹೆಸರು ದೊಡ್ಡದಾಗಿ ಬರೆದಿತ್ತು. ಶನಿವಾರ ಗೇಟಿನ ಮುಂದೆ ಅವನಿಗೆ ಸನ್ಮಾನ. ಆಧಾರ, ನನ್ನ ರಿಜಿಸ್ಟರು.

ಅಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಯಾರೂ ಜಗಳ ತೆಗೆಯಲಿಲ್ಲ, ಯಾರೂ ಬೈಯಲಿಲ್ಲ. ಈರಪ್ಪ ಎಂದಿನಂತೆ ತನ್ನ ಡಬ್ಬಿಯನ್ನು ನಡುವೆ ಇಟ್ಟ. ಒಂದು ಕೈಯೂ ಅದರ ಕಡೆ ಬರಲಿಲ್ಲ. ಉಳಿದ ಡಬ್ಬಿಗಳನ್ನು ಎತ್ತಿಕೊಂಡು ಎಲ್ಲರೂ ನಾಲ್ಕು ಮಾರು ಆಚೆ ಹೋಗಿ ಕುಳಿತರು. ಒಬ್ಬನು ಮಾತ್ರ, "ನಿಷ್ಠಾವಂತರು ಉಣ್ಣಲಿ ಬಿಡ್ರಲೇ, ಏಳ ನಿಮಿಷ ದುಡದ ದಣದಾರ" ಎಂದ. ಆ ಅಗಸಿ ಚಟ್ನಿಯ ವಾಸನೆ ನನ್ನವರೆಗೂ ಬಂತು. ಈರಪ್ಪ ಡಬ್ಬಿ ಮುಚ್ಚಿದ. ಉಣ್ಣಲಿಲ್ಲ. ಭಾನುವಾರ ಯೂನಿಯನ್ನಿನ ಮೀಟಿಂಗಿನಲ್ಲಿ ಅವನ ಹೆಸರು ತೆಗೆಯುವುದೆಂದು ಸಂಜೆ ಬಸ್ಸಿನಲ್ಲಿ ಮಾತಾಯಿತು. ಹೆಸರು ತೆಗೆದರೆ ಅವನ ಜೊತೆ ಮಾತಿಲ್ಲ, ಊಟವಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿಲ್ಲ.

ಮಾರನೆಯ ದಿನ ಅವನು ನನ್ನ ಕಿಟಕಿಗೆ ಬಂದ.

"ಸಾಹೇಬ್ರ, ಅಲ್ಲೇ ನಿಂತ ನೋಡಿದಾವ್ರು ನೀವೊಬ್ರ. ಕೈಯಾಗಿಂದ ಮುಗಸಾಕತ್ತಿದ್ದ ಅಂತ ಫಕ್ಕೀರಪ್ಪಣ್ಣಗ ಒಂದ ಮಾತ ಹೇಳ್ರಿ."

"ನಾ ಆಫೀಸಿನಾಂವ. ಯೂನಿಯನ್ ಮಾತಿನ್ಯಾಗ ಬರಂಗಿಲ್ಲ ಈರಪ್ಪ. ಕಂಡಿದ್ದು ಬರದೇನಿ, ಅಷ್ಟ."

"ಆತ್ರಿ" ಎಂದು ಹೋದ. ಅವನ ಹಾಜರಿ ಕಾರ್ಡು ಅಂದು ಮೂರು ನಿಮಿಷ ತಡವಾಗಿತ್ತು. ಅದನ್ನೂ ಕೆಂಪು ಶಾಯಿಯಲ್ಲಿ ಬರೆದೆ. ಇದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಶನಿವಾರ ಎರಡು ಪಾಳಿಯವರೂ ಗೇಟಿನ ಮುಂದೆ ಸೇರಿದ್ದರು. ಮ್ಯಾನೇಜರರು ಈರಪ್ಪನಿಗೆ ಹಾರ ಹಾಕಿ, ಶಾಲು ಹೊದಿಸಿದರು. ಫೋಟೋ ತೆಗೆಯುವವನು "ಸ್ವಲ್ಪ ನಗ್ರಿ" ಎಂದ. ಈರಪ್ಪ ನಗಲಿಲ್ಲ. ಹಾರ ತೆಗೆದ, ಶಾಲು ತೆಗೆದ, ಸರಸರನೆ ನಡೆದು ನನ್ನ ಹತ್ತಿರ ಬಂದ. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಹಾರ ನನ್ನ ಕೊರಳಲ್ಲಿತ್ತು, ಶಾಲು ಹೆಗಲ ಮೇಲಿತ್ತು.

"ಇದು ನಿಮಗ ಸಲ್ಲಬೇಕ್ರಿ. ನಾ ಏನ ಮಾಡೇನೋ ನನಗ ಗೊತ್ತಿಲ್ಲ, ಬರದಾವ್ರು ನೀವು!"

ಆಮೇಲೆ ಎದ್ದ ಸೀಟಿ, ಚಪ್ಪಾಳೆ, "ಮುಳ್ಳಿಗೆ ಜೈ" ಎಂಬ ಕೂಗು! ಮೂವತ್ತು ವರ್ಷದ ನೌಕರಿಯಲ್ಲಿ ನಾನು ಬೆವೆತದ್ದು ಅದೊಂದೇ ದಿನ. ಹಾರ ತೆಗೆಯಬೇಕೋ ಬೇಡವೋ ತಿಳಿಯದೆ, ಪೆನ್ನು ಹಿಡಿದುಕೊಂಡೇ ನಿಂತಿದ್ದೆ.

ಅಂದು ಸಂಜೆ ಫಕ್ಕೀರಪ್ಪನನ್ನು ಬಸ್ಸಿನ ಬಳಿ ತಡೆದು ನಿಲ್ಲಿಸಿದೆ. ನಿಯಮ ಮುರಿದೆ. "ಅಂವಾ ನೇಕಾರರ ಮನಿ ಮಗಾ. ಲಾಳಿ ನಡುವ ಬಿಟ್ಟ ಏಳೂ ಮಂದಿ ಅಲ್ಲ ನಾವು. ಕೈಯಾಗಿನ ಬ್ರೇಕ್ ಮುಗಿಸಿ ಕೈ ಬಿಟ್ಟಾನ" ಎಂದೆ. ಫಕ್ಕೀರಪ್ಪ ನನ್ನನ್ನೇ ನೋಡಿ, "ಇದನ್ನ ಮೊದ್ಲ ಹೇಳಾಕ ನಿಮಗ ಹಾರಾ ಹಾಕಬೇಕಾತೇನ್ರಿ?" ಎಂದ. ಭಾನುವಾರದ ಮೀಟಿಂಗಿನಲ್ಲಿ ಅವನು ನನ್ನ ಮಾತನ್ನೇ ಹೇಳಿ, "ಈರಪ್ಪನ ಹೆಸರ ತಗದ್ರ ಮೊದ್ಲ ನನ್ನ ಹೆಸರ ತಗೀರಿ" ಎಂದನಂತೆ. ಸೋಮವಾರ ಈರಪ್ಪನ ಡಬ್ಬಿ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಆಮೇಲೆ ನಡೆದ ಹನ್ನೊಂದು ದಿನದ ದೊಡ್ಡ ಮುಷ್ಕರದಲ್ಲಿ ಗೇಟಿನ ಮುಂದೆ ಬಾವುಟ ಹಿಡಿದು ನಿಂತವನೂ ಅವನೇ. ಗುತ್ತಿಗೆಯವರಲ್ಲಿ ಅರ್ಧದಷ್ಟು ಮಂದಿ ಕಾಯಂ ಆದರು. ನನ್ನನ್ನು ಮಾತ್ರ ಬೇವಿನ ಗಿಡದ ಕೆಳಗೆ ಮತ್ತೆ ಯಾರೂ ಕರೆಯಲಿಲ್ಲ. ಇರಲಿ, ಒಬ್ಬನ ಮರ್ಯಾದೆ ಉಳಿಸಿದೆನಲ್ಲ ಎಂದುಕೊಂಡು ಆಫೀಸಿನಲ್ಲಿ ಒಬ್ಬನೇ ಉಂಡೆ. ಜೀವನದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಇಪ್ಪತ್ತು ವರ್ಷ ಅದನ್ನು ಹತ್ತಾರು ಜನರ ಮುಂದೆ ಹೇಳಿಕೊಂಡಿದ್ದೇನೆ.

ಈರಪ್ಪನ ಮನೆ ಆ ಗ್ಯಾರೇಜಿನ ಹಿಂದಿನ ಎರಡನೆಯ ಓಣಿಯಲ್ಲಿ. ಎಂದೂ ಹೋಗಿರಲಿಲ್ಲ. ಮೊನ್ನೆ ಕಾಲುಗಳು ತಾವೇ ಆ ಕಡೆ ತಿರುಗಿದವು. ಈರಪ್ಪ ಮಿಕ್ಸರು ಬಿಚ್ಚಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ, ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು ಎದ್ದವನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನೀಲವ್ವ ಒಳಗಿನಿಂದ, "ಯಾರದು? ಕುಂಡ್ರಿ ಅನ್ನಬಾರದ?" ಎಂದಳು.

ಕುಳಿತೆ. ಮಗ್ಗವೆಲ್ಲಿ ಎಂದು ಕೇಳಿದೆ, ಮಾತಿಗೆ.

"ಯಾವ ಮಗ್ಗಾರೀ? ನಾ ತೊಟ್ಟಲದಾಗ ಇದ್ದಾಗ ನಮ್ಮಪ್ಪ ಮಗ್ಗಾ ಮಾರಿದ. ಲಾಳಿ ನಾ ಕೈಲೆ ಮುಟ್ಟಿಲ್ಲ."

"ಮತ್ತ ಅವತ್ತು..."

ಅವನು ಸ್ಕ್ರೂಡ್ರೈವರು ಕೆಳಗಿಟ್ಟ. "ಒಂದ ಬ್ರೇಕ್ ಜೋಡಸಾಕ ಎಷ್ಟ ಹೊತ್ತು ಬೇಕ್ರಿ ಸಾಹೇಬ್ರ? ನೀವ ಅಳದ ಬರದಿದ್ರಿ."

"ಎರಡೂವರಿ ನಿಮಿಷ" ಎಂದೆ. ಎಂದ ಕೂಡಲೇ ಬೆರಳು ಎಣಿಸಿದೆ. ಏಳು ನಿಮಿಷದಲ್ಲಿ ಹೆಚ್ಚುಕಡಿಮೆ ಮೂರು ಬ್ರೇಕು. ಕೈಯಲ್ಲಿದ್ದದ್ದನ್ನು ಮುಗಿಸಿ, ಮತ್ತೊಂದು, ಮಗದೊಂದು. ಅಷ್ಟು ವರ್ಷ ನಿಮಿಷಗಳನ್ನೇ ಉಂಡು ನಿಮಿಷಗಳನ್ನೇ ಹೊದ್ದು ಮಲಗಿದವನಿಗೆ ಈ ಭಾಗಾಕಾರ ಹೊಳೆದಿರಲಿಲ್ಲ! ಅಜ್ಜಿಯ ಮಾತು ನೆನಪಿಗೆ ಬಂದಿತೆಂದು ಕಣ್ಣೆದುರಿನದನ್ನೇ ನೋಡಿರಲಿಲ್ಲ.

"ಬೇಕಂತಲೇ ಮಾಡಿದ್ಯಾ?"

"ಕಾಯಂ ಆಗಿ ಎರಡ ತಿಂಗಳಾಗಿತ್ರಿ. ಕೈ ನಿಂದ್ರಿಸಿದ್ರ ನೌಕರಿ ಹೊಕ್ಕತಿ ಅಂತ ಅಂಜಿಕಿ. ಕಂಬದ ಮರಿ ಐತಿ, ಯಾರೂ ಕಾಣೂದಿಲ್ಲ ಅಂದ್ಕೊಂಡಿದ್ದೆ. ನೀವು ಬಂದ್ರಿ. ಈಗರೆ ಸಾಕ ಬಿಡೋ ಅಂತಾರ, ಅನ್ಲಿ ಅಂತ ದಾರಿ ನೋಡಿದೆ. ಅಂದಿದ್ರ ಅಲ್ಲೇ ಬಿಡ್ತಿದ್ದೆ. ನೀವು ಗಡಿಯಾರಾ ನೋಡ್ಕೋತ ನಿಂತ್ರಿ."

ನಾನು ಬರೆದದ್ದು ಸರಿಯಾಗಿತ್ತು, ಹೇಳಿದ್ದು ಸುಳ್ಳಾಗಿತ್ತು. ಆ ಸುಳ್ಳನ್ನು ನಂಬಿ ಫಕ್ಕೀರಪ್ಪ ತನ್ನ ಹೆಸರನ್ನೇ ಒತ್ತೆಯಿಟ್ಟಿದ್ದ.

"ಫಕ್ಕೀರಪ್ಪಗ ಗೊತ್ತೈತೇನು?"

"ಹೇಳಾಕ ಬಾಯಿ ಬಂದಿಲ್ರಿ. ಹಬ್ಬಕ್ಕೊಮ್ಮೆ ಅಡರಕಟ್ಟಿಗೆ ಹೊಕ್ಕೇನಿ, ಉಂಡ ಬರ್ತೇನಿ. ಅಂವಾ ಇನ್ನೂ ಬಂದಾವ್ರ ಮುಂದೆಲ್ಲಾ ನನ್ನ ಕೈ ಹಿಡದ, ಇವ ನೋಡ್ರಿ ಖರೆ ನೇಕಾರ, ಅಂತಾನ. ಒಂದೊಂದ ತುತ್ತೂ ಗಂಟಲದಾಗ ನಿಂದರ್ತೈತಿ."

ಭಾನುವಾರ ಇಬ್ಬರೂ ಅಡರಕಟ್ಟಿಗೆ ಹೋಗುವುದೆಂದು ಮಾತಾಯಿತು. ಆದರೆ ಮೊದಲು ಹೇಳುವವರು ಯಾರು? "ನೀವು ಹಿರಿಯರು" ಎಂದು ಅವನು, "ಮಾಡಿದಾಂವ ನೀನು" ಎಂದು ನಾನು. ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಊಟವಾದ ಮೇಲೆ ಫಕ್ಕೀರಪ್ಪನನ್ನು ಒಂದು ಬದಿಗೆ ಕರೆದು, ಮೆಲ್ಲಗೆ, ಎರಡೇ ವಾಕ್ಯದಲ್ಲಿ ಮುಗಿಸುವುದು.

ಚಹಾ ತಂದ ನೀಲವ್ವ ನಮ್ಮಿಬ್ಬರ ಜಗಳ ಕೇಳಿ ನಿಂತಳು.

"ಯಾರರೆ ಹೇಳ್ರಿ. ಖರೆ, ಜೋರಾಗಿ ಒದರಿ ಹೇಳ್ರಿ. ಆ ಪ್ರೆಸ್ ಮಶೀನ್ ಸಪ್ಪಳಕ್ಕ ಫಕ್ಕೀರಪ್ಪಣ್ಣಾರ ಕಿವಿ ಎರಡೂ ಹೋಗ್ಯಾವ. ಓಣಿಗೆಲ್ಲಾ ಕೇಳಿಸಿದ್ರನ ಅವರಿಗೆ ಕೇಳಸೂದು."