ಪಥ್ಯವಿಲ್ಲದ ಮದ್ದು

ಕಡಬದ ಹೊಸ ಧರ್ಮಾಸ್ಪತ್ರೆಯ ಬಗ್ಗೆ ಊರವರ ಅಭಿಪ್ರಾಯವೇನೆಂದು ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಪೆರಾಬೆಯ ಶಾಲೆಯ ಮಾಸ್ತರನಾದ ನಾನು ಅದನ್ನು ತುಂಬಿ ಕಳುಹಿಸಬೇಕು. ಯಾವ ವಿಷಯಕ್ಕೂ ಒಂದು ಅಭಿಪ್ರಾಯವನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗುವ ನಾನು ಆ ಕಾಗದದ ಮುಂದೆ ಮಾತ್ರ ಪೆದ್ದನಂತೆ ಕೂತೆ.

ಆಸ್ಪತ್ರೆ ತೆರೆದ ಹೊಸತರಲ್ಲಿ ನನಗೆ ಈ ಗೊಂದಲವಿರಲಿಲ್ಲ. ಧರ್ಮಕ್ಕೆ ಕೊಡುವ ಮದ್ದಿನಲ್ಲಿ ಶಕ್ತಿ ಇರುತ್ತದೆಯೇ, ಇದ್ದರೆ ಸರಕಾರ ಅದನ್ನು ಧರ್ಮಕ್ಕೆ ಯಾಕೆ ಕೊಡುತ್ತದೆ ಎಂದು ಊರವರು ಕೇಳಿದರೆ, ಕಟ್ಟೆಯಲ್ಲಿ ಕೂತು ಭಾಷಣವನ್ನೇ ಬಿಗಿಯುತ್ತಿದ್ದೆ. ವಿಲಾಯತಿಯಲ್ಲಿ ಜನ ಗಟ್ಟಿಮುಟ್ಟಾಗಿರುವಾಗಲೇ ಕಾಯಿಲೆಗೆ ವಿಮೆ ಮಾಡಿಸುತ್ತಾರಂತೆ ಎಂದೂ ಹೇಳಿದೆ. ಬಾರದ ಕಾಯಿಲೆಯನ್ನು ಹೆಸರು ಹಿಡಿದು ಕರೆಯುವುದು ಯಾಕೆ ಎಂದು ಒಬ್ಬರು ಕೇಳಿದರು. ನನಗೂ ಹೌದೆನ್ನಿಸಿ ಮಾತು ಬದಲಿಸಿದೆ.

ಅಷ್ಟರಲ್ಲಿ, ನನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಚಳಿಜ್ವರ ಬಂತು. ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಮಾತ್ರೆ ಕೊಟ್ಟರು. ಪಥ್ಯವೇನೆಂದು ಅಕ್ಕ ಕೇಳಿದ್ದಕ್ಕೆ, ಏನೂ ಇಲ್ಲ, ಎಲ್ಲ ತಿನ್ನಬಹುದು ಎಂದರು. ಆರು ದಿನವಾದರೂ ಜ್ವರ ಬಿಡಲಿಲ್ಲ. ಅಕ್ಕ ಗಂಜಿಯನ್ನೂ ದೂಡಿದಾಗ ನನಗೆ ಅಳುವೇ ಬಂತು. ಅವಳ ಚಾಪೆ ಕೊಡವಲು ಎತ್ತಿದರೆ ಅಡಿಯಲ್ಲಿ ಅಷ್ಟೂ ಮಾತ್ರೆಗಳು!

"ಪಥ್ಯ ಇಲ್ಲದ್ದು ಮದ್ದು ಹೇಗಾಗ್ತದೆ ಮಾರಾಯ?" ಎಂದಳು.

ನಾನು ಮತ್ತೆ ಕಡಬಕ್ಕೆ ಓಡಿದೆ. ಘಟ್ಟದ ಮೇಲಿನಿಂದ ಬಂದ ಆ ಡಾಕ್ಟರು ಅಕ್ಕನ ಮಾತನ್ನು ನನ್ನಿಂದ ಕೇಳಿ ಒಂದು ಚೀಟಿ ಬರೆದರು. ಬದನೆ ಬಿಡಬೇಕು, ಕೆಸು ಬಿಡಬೇಕು, ಹುಳಿ ಬಿಡಬೇಕು. ಅಕ್ಕ ಅದನ್ನು ಎರಡು ಸಲ ಓದಿಸಿ ಕೇಳಿ, ಸಮಾಧಾನದಿಂದ ಮಾತ್ರೆ ನುಂಗಿದಳು. ನಾಲ್ಕೇ ದಿನಕ್ಕೆ ಎದ್ದು ಕೂತಳು.

ಈಗ ಹೇಳಿ, ನಾನು ಏನೆಂದು ಬರೆಯಲಿ? ಜನರಿಗೆ ಆಸ್ಪತ್ರೆಯಲ್ಲಿ ನಂಬಿಕೆ ಉಂಟು ಎಂದರೆ ಸುಳ್ಳು, ಇಲ್ಲವೆಂದರೂ ಸುಳ್ಳು. ಕೊನೆಗೆ ಅಕ್ಕನನ್ನೇ ಕೇಳಿದೆ.

"ಡಾಕ್ಟ್ರು ಒಳ್ಳೆ ಜನ ಅಂತ ಬರಿ. ಸುರುವಿಗೆ ಅವರಿಗೆ ಮದ್ದು ಕೊಡ್ಲಿಕ್ಕೆ ಗೊತ್ತಿರ್ಲಿಲ್ಲ. ನಾನು ಹೇಳಿಕೊಟ್ಟ ಮೇಲೆ ಸರಿಯಾಯ್ತು."

ಅದನ್ನೇ ಬರೆದು ಕಳುಹಿಸಿ, ಒಳಗೊಳಗೇ ನಕ್ಕೆ. ಮುಂದಿನ ವಾರ ನನಗೂ ಜ್ವರ ಬಂತು, ಅಕ್ಕನಿಗೆ ಹೇಳದೆ ಅದೇ ಮಾತ್ರೆ ತಂದು ನುಂಗಿದೆ. ಅದಕ್ಕೆ ಪಥ್ಯವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಯಾರೂ ಇಲ್ಲ. ಆದರೂ ಅಕ್ಕ ಬದನೆ ಪಲ್ಯ ಬಡಿಸಲು ಬಂದಾಗ, ಎಲೆಗೆ ಕೈ ಅಡ್ಡ ಹಿಡಿದೆ.