ಕೇಳ್ಲಿಕ್ಕೆ ಎಂತ ಉಂಟು ಎನ್ನುತ್ತಿದ್ದ ಶೇಖರಣ್ಣ

ಆ ಗುರುವಾರ ಮುಂಬಯಿ ಪಕ್ಕದ ಠಾಣೆಯಿಂದ ಹೊರಟ ವಾಶಿ ಲೋಕಲ್ ಗಾಡಿ ಐರೋಲಿಯಲ್ಲಿ ನಿಂತಾಗ ಶೇಖರಣ್ಣ ಎಂದಿನಂತೆ ಎರಡು ಕೊಡೆ ಹಿಡಿದುಕೊಂಡು ಇಳಿದರು. ಒಂದು ಅವರಿಗೆ, ಇನ್ನೊಂದು ಕೊಡೆ ಮರೆತು ಬಂದವರಿಗೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆ. ನಾನು ಹೆಂಗಸರ ಡಬ್ಬಿಯಿಂದ ಇಳಿದು ಮೆಟ್ಟಿಲ ಬಳಿ ಸೆರಗು ತಲೆಗೆಳೆದುಕೊಂಡು ನಿಂತಿದ್ದೆ.

"ಮರೆತ್ರಾ ಸುನಂದಕ್ಕ?"

"ಮರ್ತಿಲ್ರಿ. ಮಗಳು ಕಾಲೇಜಿಗೆ ಒಯ್ದಾಳ. ಇದನ್ನ ತಗೋಬಹುದೇನ್ರಿ?"

"ಕೇಳ್ಲಿಕ್ಕೆ ಎಂತ ಉಂಟು? ತಕ್ಕೊಳ್ಳಿ."

ಅಷ್ಟರಲ್ಲಿ ಅವರ ಫೋನು ಗುಂಯ್ ಎಂದಿತು. ನಡೆಯುತ್ತಲೇ ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ನಮ್ಮ ಕಂಪನಿಯ ಕಲ್ಯಾಣದ ಶಾಖೆಯ ಹುಡುಗಿಯೊಬ್ಬಳು ಕಂಪ್ಯೂಟರ್ ವ್ಯವಸ್ಥೆಯಲ್ಲಿ ಏನನ್ನೋ ಕೇಳಿದ್ದಳು. ಇವರು ಒಪ್ಪಿಗೆ ಕೊಟ್ಟರು.

"ಅವಳು ಚಾ ಕುಡಿದು ಬರುವಷ್ಟರಲ್ಲಿ ರೆಡಿ ಇರ್ತದೆ. ನಾಳೆಯ ಮೀಟಿಂಗಿನಲ್ಲಿ ನನ್ನ ಹೆಸರೂ ತೆಗೆಸ್ತೇನೆ ನೋಡಿ. ಮತ್ತೆ ನನ್ನನ್ನು ಸಹ ಕೇಳ್ಬೇಕಂತ ಇಲ್ಲ."

ಮರುದಿನ ಅವರು ಆಫೀಸಿಗೆ ಬರಲಿಲ್ಲ. ಬೆಳಿಗ್ಗೆ ವರ್ತಕ ನಗರದ ಮನೆಯಲ್ಲಿ ಚಹಾದ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅವರ ಕೊಡೆ ನನ್ನ ಬಾಲ್ಕನಿಯಲ್ಲಿ ಇನ್ನೂ ಒದ್ದೆಯಾಗಿತ್ತು.

ಹೆಸರು ಚಂದ್ರಶೇಖರ ಸಾಲಿಯಾನ್. ಊರು ಉಡುಪಿಯ ಹತ್ತಿರ. ನಾವು ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ವಿಮಾ ಕಂಪನಿಯಲ್ಲಿ. ಅವರು ಕಂಪ್ಯೂಟರ್ ವಿಭಾಗದ ಹಿರಿಯರು. ನಾನು ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಠಾಣೆಗೆ ಬಂದು, ಪರಿಹಾರದ ಅರ್ಜಿ ನೋಡುವ ಕ್ಲೇಮ್ಸ್ ವಿಭಾಗದಲ್ಲಿ ಕುಳಿತವಳು. ಆಫೀಸಿನಲ್ಲಿ ಅವರು ಸಾಲಿಯಾನ್ ಸಾಹೇಬ್, ಕನ್ನಡದವರಿಗೆಲ್ಲ ಶೇಖರಣ್ಣ. ಅವರ ಕನ್ನಡವೇ ಬೇರೆ, ನನ್ನ ಕನ್ನಡವೇ ಬೇರೆ. "ನೀವು ಮಾತಾಡಿದ್ರೆ ಜಗಳ ಮಾಡಿದ ಹಾಗೆ ಕೇಳ್ತದೆ ಮಾರಾಯ್ತಿ" ಎಂದು ಅವರು ನಗುತ್ತಿದ್ದರು. "ನೀವು ಜಗಳಾಡಿದ್ರೂ ಪುಸ್ತಕ ಓದಿಧಂಗ ಇರ್ತದರಿ" ಎಂದು ನಾನು ಹೇಳುತ್ತಿದ್ದೆ.

ಅವರಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಎದುರಿಗಿರುವ ವಸ್ತುವನ್ನು ಬಳಸಲು ಇನ್ನೊಬ್ಬರ ಅಪ್ಪಣೆಗೆ ಕಾಯುವುದು. ಅವರ ಮನೆಗೆ ಹೋದರೆ ನೀರು ಬೇಕೇ ಎಂದು ಯಾರೂ ಕೇಳುತ್ತಿರಲಿಲ್ಲ. ಫ್ರಿಜ್ ಎಲ್ಲಿದೆ ಎಂದು ತೋರಿಸುತ್ತಿದ್ದರು. ಆಫೀಸಿನ ಬಾಗಿಲಲ್ಲಿ ಅವರು ತಮ್ಮ ಖರ್ಚಿನಲ್ಲಿ ಒಂದು ಬಕೆಟ್ ತುಂಬ ಕೊಡೆ ಇಟ್ಟಿದ್ದರು. ಬೇಕಾದವರು ಒಯ್ಯುವುದು, ಮರುದಿನ ತಂದಿಡುವುದು. ಎರಡು ಮಳೆಗಾಲ ಅದು ಚೆನ್ನಾಗಿಯೇ ನಡೆಯಿತು. ಮೂರನೆಯ ವರ್ಷ ಆಡಳಿತ ವಿಭಾಗದವರು ಅಲ್ಲೊಂದು ರಿಜಿಸ್ಟರ್ ಇಟ್ಟರು. ಹೆಸರು, ವಿಭಾಗ, ಮೇಲಧಿಕಾರಿಯ ಸಹಿ. ಆ ವರ್ಷ ಸೆಕ್ಯುರಿಟಿಯವನ ಪಕ್ಕದಲ್ಲಿ ಕೊಡೆಗಳು ಒಣಗಿಕೊಂಡೇ ನಿಂತವು, ನಾವು ನೆನೆದುಕೊಂಡು ಸ್ಟೇಷನ್ನಿಗೆ ಹೋದೆವು.

"ನೋಡಿ ಸುನಂದಕ್ಕ, ಒಂದು ಕೊಡೆಯೂ ಕಳೆದುಹೋಗ್ಲಿಲ್ಲ. ಅಡ್ಮಿನ್‌ನವರಿಗೆ ಭಾರೀ ಖುಷಿ," ಎಂದರು ಶೇಖರಣ್ಣ. ಅವರು ನಗಲಿಲ್ಲ.

ಅವರ ಈ ಹಟಕ್ಕೆ ಒಂದು ಕಾರಣವಿತ್ತು. ಎರಡು ಸಾವಿರದ ಐದರ ಜುಲೈ ಮಳೆಯಲ್ಲಿ ನಮ್ಮ ಆಗಿನ ಠಾಣೆ ಆಫೀಸಿನ ನೆಲಮಹಡಿಗೆ ನೀರು ನುಗ್ಗಿತು. ಕಂಪನಿಯ ದೊಡ್ಡ ಕಂಪ್ಯೂಟರುಗಳೆಲ್ಲ, ಅಂದರೆ ಸರ್ವರುಗಳು, ಇದ್ದದ್ದು ಅಲ್ಲಿಯೇ. ಮುಳುಗಿದ ಅಂಗಡಿ, ಮುಳುಗಿದ ರಿಕ್ಷಾ, ಮುಳುಗಿದ ಮನೆಯವರು ಪರಿಹಾರ ಕೇಳಿಕೊಂಡು ಬರುತ್ತಿದ್ದರು. ನಾವು ಖಾಲಿ ಪರದೆಯ ಮುಂದೆ ಕುಳಿತಿದ್ದೆವು. ಕಲ್ಯಾಣದ ಬಟ್ಟೆ ಅಂಗಡಿಯ ಪಾಟೀಲ ಕಾಕಾ ದಿನವೂ ಬಂದು ನಮ್ಮ ಬೆಂಚಿನ ಮೇಲೆ ಕೂರುತ್ತಿದ್ದರು. ಒಂದು ದಿನ ಶೇಖರಣ್ಣನನ್ನೇ ಕೇಳಿದರು, "ಆಮ್ಚ ದುಕಾನ್ ಬುಡಾಲ. ತುಮ್ಚ ಪಣ್ ಬುಡಾಲ ಕಾ?" ನಮ್ಮ ಅಂಗಡಿ ಮುಳುಗಿತು, ನಿಮ್ಮದೂ ಮುಳುಗಿತೇ? ವ್ಯಂಗ್ಯವೇನೂ ಇರಲಿಲ್ಲ. ಆ ಮನುಷ್ಯನಿಗೆ ನಿಜಕ್ಕೂ ನಮ್ಮ ಬಗ್ಗೆ ಮರುಕ ಹುಟ್ಟಿತ್ತು.

ಹೊಸ ಸರ್ವರ್ ತರಿಸಲು ಅರ್ಜಿ, ಕೊಟೇಶನ್, ಸಹಿ, ಮತ್ತೆ ಸಹಿ ಎಂದು ದೀಪಾವಳಿ ದಾಟಿತು. ಕಾಕಾ ನಡುವೆಯೇ ಬರುವುದನ್ನು ನಿಲ್ಲಿಸಿದರು. ಅವರ ಹಣ ಮಂಜೂರಾದಾಗ ಅಂಗಡಿ ಬೇರೆಯವರ ಕೈಗೆ ಹೋಗಿತ್ತು. ಆಮೇಲೆ ಶೇಖರಣ್ಣ ಆ ಬೆಂಚಿನ ಮೇಲೆ ಯಾರಾದರೂ ಕುಳಿತಿದ್ದರೆ ಬೇರೆ ಬಾಗಿಲಿನಿಂದ ಹೋಗುತ್ತಿದ್ದರು.

ಆದ್ದರಿಂದ, ನಾವು ಐರೋಲಿಯ ಗಾಜಿನ ಕಟ್ಟಡಕ್ಕೆ ಬಂದ ಕೆಲವು ವರ್ಷಗಳ ಮೇಲೆ ಕಂಪನಿ ಕ್ಲೌಡಿಗೆ ಹೋಗುತ್ತದೆ ಎಂದು ಸುದ್ದಿ ಬಂದಾಗ ಅವರಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಲ್ಲ. ನನಗೆ ಅರ್ಥವಾಗಲಿಲ್ಲ. ಅವರು ಊಟದ ಡಬ್ಬಿ ಮುಚ್ಚಿ ವಿವರಿಸಿದರು.

"ಮದುವೆಗೆ ಪಾತ್ರೆ ಬಾಡಿಗೆಗೆ ತರುದಿಲ್ವಾ? ಊಟ ಆದ ಮೇಲೆ ವಾಪಸ್. ಒಂದು ದಿನದ ಮದುವೆಗೆ ವರ್ಷವಿಡೀ ಮನೆಯಲ್ಲಿ ಕೊಪ್ಪರಿಗೆ ಇಟ್ಕೊಂಡು ಯಾರು ಕೂರ್ತಾರೆ? ಇದೂ ಹಾಗೇ. ಸರ್ವರ್ ನಮ್ಮದಲ್ಲ, ಬೇರೆಯವರದ್ದು, ಎಲ್ಲಿಯೋ ಉಂಟು. ಮಳೆಗಾಲದಲ್ಲಿ ನಿಮಗೆ ಕ್ಲೇಮು ಜಾಸ್ತಿ ಬಂತಾ? ನೀವೇ ಬಟನ್ ಒತ್ತಿ, ತಕ್ಕೊಳ್ಳಿ. ಮಳೆ ಬಿಟ್ಟ ಮೇಲೆ ವಾಪಸ್ ಮಾಡಿ."

"ನಾನಽ ಒತ್ತೂದೇನ್ರಿ? ನಿಮ್ಮನ್ನ ಕೇಳಬಾರ್ದೇನು?"

"ಕೇಳ್ಲಿಕ್ಕೆ ಎಂತ ಉಂಟು?"

ದೊಡ್ಡವರೆಲ್ಲ ಸೇರಿದ ಸಭೆಯಲ್ಲಿ ಅದನ್ನು ತೋರಿಸುವ ದಿನ ಅವರು ತಮ್ಮ ವಿಭಾಗದವರನ್ನು ಬಿಟ್ಟು ನನ್ನನ್ನು ಕರೆದರು. ಎಲ್ಲರ ಮುಂದೆ ಚಹಾ ಇಡಿಸಿದರು. "ಒತ್ತಿ ಸುನಂದಕ್ಕ" ಎಂದರು. ಒತ್ತಿದೆ. ಚಹಾ ಇನ್ನೂ ಬಿಸಿಯಿರುವಾಗಲೇ ಪರದೆಯ ಮೇಲೆ ಹಸಿರು ಗುರುತು ಬಂತು. ಕ್ಲೇಮ್ಸ್ ವಿಭಾಗಕ್ಕೆ ಹೊಸದೊಂದು ಸರ್ವರ್ ಸಿದ್ಧವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ ಕಂಪ್ಯೂಟರ್ ಸುರಕ್ಷತಾ ವಿಭಾಗದ ದೇಶಮುಖ ಸಾಹೇಬರು ಕೇಳಿದರು, "ಬಹುತ್ ಬಢಿಯಾ. ಲೇಕಿನ್ ಇಸ್ಕೋ ಅಪ್ರೂವ್ ಕಿಸ್ನೇ ಕಿಯಾ?" ಬಹಳ ಚೆನ್ನಾಗಿದೆ, ಆದರೆ ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ಅಲ್ಲಿಗೆ ಮುಗಿಯಿತು. ಕಂಪನಿ ಕ್ಲೌಡನ್ನು ಕೊಂಡಿತು, ಬಟನ್ನನ್ನು ಇಟ್ಟುಕೊಂಡಿತು, ಬಟನ್ನಿನ ಮುಂದೆ ಒಪ್ಪಿಗೆಗಳ ಸಾಲು ನಿಲ್ಲಿಸಿತು. ಸುರಕ್ಷತೆಯವರು, ಹಣಕಾಸಿನವರು, ವಿನ್ಯಾಸದವರು, ಅಪಾಯ ನೋಡುವವರು, ಕೊನೆಗೆ ವಾರಕ್ಕೊಮ್ಮೆ ಸೇರುವ ಕಮಿಟಿ. ಅರ್ಜಿಗೆ ಹೊಸ ನಮೂನೆ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಕಬ್ಬಿಣದ ಸರ್ವರ್ ಕೊಳ್ಳುತ್ತಿದ್ದ ಕಾಲದ ನಮೂನೆಯನ್ನೇ ಹಾಕಿದರು. ಯಾವ ಕೋಣೆಯ ಯಾವ ರ‍್ಯಾಕಿನಲ್ಲಿ ಇಡುತ್ತೀರಿ ಎಂದು ಅದು ಕೇಳುತ್ತಿತ್ತು. ಉತ್ತರ ಬರೆಯದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಎಲ್ಲಿಯೋ ಇರುವ, ನಾವು ಯಾರೂ ಕಾಣದ ಸರ್ವರಿಗೆ ರ‍್ಯಾಕ್ ಎಲ್ಲಿಂದ ತರುವುದು? ಜನ ಗುಜರಿಗೆ ಹಾಕಿದ ಹಳೆಯ ರ‍್ಯಾಕಿನ ನಂಬರನ್ನೇ ಬರೆಯತೊಡಗಿದರು. ಆಡಿಟಿನವರು ಬಂದರು. ಇಷ್ಟೊಂದು ಸರ್ವರುಗಳಿರುವ ಆ ಒಂದು ರ‍್ಯಾಕನ್ನು ನೋಡಬೇಕು ಎಂದರು. ಶೇಖರಣ್ಣ ಅವರನ್ನು ಕರೆದುಕೊಂಡು ಹೋಗಿ ಕೋಣೆಯ ಬಾಗಿಲು ತೆರೆದರು. ಒಳಗೆ ಕ್ಯಾಂಟೀನಿನ ಮುರಿದ ಕುರ್ಚಿಗಳಿದ್ದವು.

"ಕೂತ್ಕೊಳ್ಳಿ," ಎಂದರಂತೆ.

ಈ ಕಥೆ ಹೇಳಿ ನಾವು ಬಹಳ ದಿನ ನಕ್ಕೆವು. ಅವರಿಗೆ ಮಾತ್ರ ನಗು ಬೇಗ ಮುಗಿಯಿತು. ಸರ್ವರ್ ಸಿಗಲು ವಾರಗಟ್ಟಲೆ ಕಾಯಬೇಕಾದ್ದರಿಂದ, ಸಿಕ್ಕವರು ಯಾರೂ ವಾಪಸ್ ಮಾಡುತ್ತಿರಲಿಲ್ಲ. ಲೋಕಲ್ ಗಾಡಿಯಲ್ಲಿ ಸೀಟು ಸಿಕ್ಕವರಂತೆ ಬಿಗಿಯಾಗಿ ಕುಳಿತುಬಿಡುತ್ತಿದ್ದರು. ಬಾಡಿಗೆ ಏರುತ್ತಾ ಹೋಯಿತು. ಬಾಡಿಗೆ ಏರಿತೆಂದು ಕಮಿಟಿ ಇನ್ನೂ ಬಿಗಿಯಾಯಿತು. ಬಿಗಿಯಾಯಿತೆಂದು ಜನ ಇನ್ನಷ್ಟು ಅವಚಿಕೊಂಡರು. "ಕೊಪ್ಪರಿಗೆ ವಾಪಸ್ ಕೊಡುವವರೇ ಇಲ್ಲ ಮಾರಾಯ್ತಿ. ಎಲ್ಲರ ಮನೆಯಲ್ಲಿಯೂ ದಿನಾ ಮದುವೆ," ಎನ್ನುತ್ತಿದ್ದರು. ಪ್ರತಿ ಸಭೆಯಲ್ಲೂ ಇದನ್ನೇ ಹೇಳಿದರು. ಎಲ್ಲರೂ ತಲೆದೂಗಿದರು. ಯಾರೂ ಏನೂ ಮಾಡಲಿಲ್ಲ. ಅವರ ದನಿ ಸಣ್ಣಗಾಗುತ್ತಾ ಬಂದದ್ದನ್ನು ನಾನು ನೋಡಿದ್ದೇನೆ.

ಕೊನೆಗೆ ಅವರು ಒಂದು ದಾರಿ ಹುಡುಕಿದರು. ಶಾಖೆಗಳ ಮತ್ತು ಕ್ಲೇಮ್ಸ್ ವಿಭಾಗದ ಅರ್ಜಿಗಳಿಗೆ ಮಾತ್ರ ಆ ಸಾಲನ್ನೆಲ್ಲ ತೆಗೆದು, ಅದರ ಜಾಗದಲ್ಲಿ ತಮ್ಮ ಒಬ್ಬರ ಹೆಸರು ಹಾಕಿಸಿದರು. "ತಪ್ಪಾದ್ರೆ ನನ್ನನ್ನು ಹಿಡಿಯಿರಿ. ಸ್ವಲ್ಪ ಸಮಯ ನೋಡಿ, ಮತ್ತೆ ನನ್ನ ಹೆಸರೂ ತೆಗೆಯಿರಿ." ಕಮಿಟಿ ಒಪ್ಪಿತು. ಅಂದಿನಿಂದ ಅವರ ಹೆಬ್ಬೆರಳಿಗೆ ಬಿಡುವಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ, ಭಾಜಿ ಕೊಳ್ಳುವಾಗ, ಮಗಳ ಶಾಲೆಯ ಕಾರ್ಯಕ್ರಮದಲ್ಲಿ, ಎಲ್ಲಿದ್ದರೂ ಒತ್ತುತ್ತಿದ್ದರು. ಆ ಒಂದು ಮಳೆಗಾಲ ನಮ್ಮ ಹೊಸ ಆಫೀಸಿನ ಬೆಂಚಿನ ಮೇಲೆ ಪರಿಹಾರ ಕೇಳಿ ಬಂದವರು ಯಾರೂ ಹೆಚ್ಚು ಹೊತ್ತು ಕೂರಲಿಲ್ಲ. ಮಳೆ ಬಿಟ್ಟ ಮೇಲೆ ನಾನೇ ಸರ್ವರುಗಳನ್ನು ವಾಪಸ್ ಮಾಡಿದೆ. ಅವರು ನನಗೆ ಒಂದು ಮಸಾಲೆ ದೋಸೆ ಕೊಡಿಸಿದರು.

ಅದರ ಮುಂದಿನ ಜೂನ್ ತಿಂಗಳಲ್ಲಿ ಅವರು ತೀರಿಕೊಂಡದ್ದು.

ಅವರು ಹೋದ ದಿನ ಸಂಜೆಯೊಳಗೆ ಕಂಪನಿ ಅವರ ಲಾಗಿನ್ ಮುಚ್ಚಿತು. ಅಷ್ಟು ಬೇಗ ಆದ ಕೆಲಸ ನಮ್ಮಲ್ಲಿ ಇನ್ನೊಂದಿಲ್ಲ. ಮುಂದಿನ ವಾರ ಡೊಂಬಿವಲಿ, ಕಲ್ಯಾಣದ ಕಡೆ ಮಳೆ ಜೋರಾಯಿತು. ಕ್ಲೇಮುಗಳು ಬರತೊಡಗಿದವು, ನೀರಿನಲ್ಲಿ ನಿಂತ ಅಂಗಡಿಗಳ ಫೋಟೋಗಳೊಂದಿಗೆ. ನಾನು ಬಟನ್ ಒತ್ತಿದೆ. ಪರದೆಯ ಮೇಲೆ ಬಂತು: ಚಂದ್ರಶೇಖರ ಸಾಲಿಯಾನ್ ಅವರ ಒಪ್ಪಿಗೆಗಾಗಿ ಕಾಯಲಾಗುತ್ತಿದೆ.

ನಾನು ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ದೇಶಮುಖ ಸಾಹೇಬರ ಬಳಿ ಹೋದೆ.

"ಮ್ಯಾಡಮ್, ಅಪ್ರೂವರ್ ಬದಲ್ನೇ ಕೇ ಲಿಯೇ ಪುರಾನೇ ಅಪ್ರೂವರ್ ಕಾ ಅಪ್ರೂವಲ್ ಲಗ್ತಾ ಹೈ," ಎಂದರು. ಒಪ್ಪಿಗೆ ಕೊಡುವವರನ್ನು ಬದಲಿಸಲು ಈಗಿರುವವರ ಒಪ್ಪಿಗೆ ಬೇಕು.

"ಸರ್, ವೋ ತೋ ಗುಜರ್ ಗಯೇ." ಅವರು ತೀರಿಕೊಂಡರಲ್ಲ ಎಂದೆ.

"ಮಾಲೂಮ್ ಹೈ. ಬಹುತ್ ಅಚ್ಛೇ ಆದ್ಮೀ ಥೇ. ಲೇಕಿನ್ ಇಸ್ ಸಿಸ್ಟಮ್ ಮೇಂ ಅಭೀ ಆ್ಯಕ್ಟಿವ್ ಹೈ." ಗೊತ್ತು, ಬಹಳ ಒಳ್ಳೆಯ ಮನುಷ್ಯ, ಆದರೆ ಈ ಸಿಸ್ಟಮಿನಲ್ಲಿ ಇನ್ನೂ ಚಾಲ್ತಿಯಲ್ಲಿದ್ದಾರೆ.

ಒಂದು ಸಿಸ್ಟಮಿನಲ್ಲಿ ಅವರು ಇಲ್ಲ, ಇನ್ನೊಂದರಲ್ಲಿ ಇದ್ದಾರೆ. ಎರಡನ್ನೂ ನೋಡಿಕೊಳ್ಳುವ ವಿಭಾಗಗಳು ಬೇರೆ ಬೇರೆ ಮಹಡಿಯಲ್ಲಿವೆ. ನಾನು ಎರಡೂ ಮಹಡಿ ಹತ್ತಿ ಇಳಿದೆ. ಇಲ್ಲಿಯವರು ಅಲ್ಲಿಗೆ ಬರೆಯಿರಿ ಎಂದರು, ಅಲ್ಲಿಯವರು ಇಲ್ಲಿಗೆ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಶೇಖರಣ್ಣನ ಮಾತು ತೆಗೆಯುತ್ತಿದ್ದರು. ನನಗೆ ಅಳುವುದಕ್ಕಿಂತ ಹೆಚ್ಚಾಗಿ ಯಾರ ಮೇಲಾದರೂ ಕೂಗಾಡಬೇಕೆನಿಸುತ್ತಿತ್ತು.

ಅವರ ಹೆಂಡತಿ ಜಯಕ್ಕನನ್ನು ನೋಡಲು ವರ್ತಕ ನಗರಕ್ಕೆ ಹೋದಾಗ ಅವರು ಶೇಖರಣ್ಣನ ಫೋನನ್ನು ನನ್ನ ಕೈಗೆ ಕೊಟ್ಟರು. ನಂಬರು ಬಂದ್ ಮಾಡಲು ಅವರಿಗೆ ಮನಸ್ಸಾಗಿರಲಿಲ್ಲ.

"ಆಫೀಸಿನಿಂದ ದಿನಾ ಬೆಳಿಗ್ಗೆ ಮೆಸೇಜ್ ಬರ್ತದೆ ಸುನಂದಕ್ಕ. ಒಪ್ಪಿಗೆ ಕೊಡಿ, ಒಪ್ಪಿಗೆ ಕೊಡಿ ಅಂತ. ನಿಮ್ಮ ಹೆಸರೂ ಉಂಟು ಅದ್ರಲ್ಲಿ. ಅವ್ರು ಇದ್ದಿದ್ರೆ ಒತ್ತುತ್ತಿದ್ರು. ನಾನು ಒತ್ತಿಬಿಡ್ಲಾ?"

"ಬ್ಯಾಡ್ರಿ ಜಯಕ್ಕ. ಲಾಗಿನ್ ಮುಚ್ಚ್ಯಾರ, ನೀವು ಒತ್ತಿದ್ರೂ ಆಗೂದಿಲ್ರಿ."

ಅಡುಗೆಮನೆಯಿಂದ ಅವರ ಮಗಳು ಹಿಂದಿಯಲ್ಲಿ ಹೇಳಿದಳು, "ಆಂಟೀ, ಪ್ಲೀಸ್ ಬಂದ್ ಕರ್ವಾ ದೋ ನಾ. ಮಮ್ಮಿ ರೋಜ್ ವಹೀ ಪಢ್‌ತೀ ಹೈ." ನಿಲ್ಲಿಸಿಬಿಡಿ, ಅಮ್ಮ ದಿನವೂ ಅದನ್ನೇ ಓದುತ್ತಾಳೆ.

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಅರ್ಜಿ ಹಿಂದೆಗೆದುಕೊಂಡರೆ ಆ ಮನೆಗೆ ಮೆಸೇಜ್ ಹೋಗುವುದು ನಿಲ್ಲುತ್ತದೆ. ಆದರೆ ನಮ್ಮ ಸರದಿ ಹೋಗುತ್ತದೆ, ಬೆಂಚಿನ ಮೇಲಿನವರು ಅಲ್ಲಿಯೇ ಉಳಿಯುತ್ತಾರೆ. ಇಟ್ಟುಕೊಂಡರೆ ದಿನವೂ ಬೆಳಿಗ್ಗೆ ನನ್ನ ಹೆಸರು ಜಯಕ್ಕನ ಕೈಯಲ್ಲಿ ಗುಂಯ್ ಎನ್ನುತ್ತದೆ. ಎರಡು ದಿನ ಒದ್ದಾಡಿ, ಮೂರನೆಯ ದಿನ ಹಿಂದೆಗೆದುಕೊಂಡೆ. ನನ್ನ ಜೊತೆಯವರಿಗೂ ಹೇಳಿ ಅವರ ಅರ್ಜಿಗಳನ್ನೂ ಹಿಂದೆಗೆಸಿದೆ. ಆಮೇಲೆ ಯಾರನ್ನೂ ಕೇಳದೆ ಕಮಿಟಿಯ ಸಭೆಗೆ ಹೋಗಿ ಕುಳಿತೆ. ನೀವೇಕೆ ಬಂದಿರಿ ಎಂದು ಕೇಳಿದರು. ಶೇಖರಣ್ಣನ ಹೆಸರು ತೆಗೆಯಿರಿ, ಅವರು ಹೇಳಿದಂತೆ ಆ ಜಾಗ ಖಾಲಿ ಬಿಡಿ ಎಂದೆ. ಅಷ್ಟೇ ನನಗೆ ಹೇಳಲು ಬಂದದ್ದು. ಅವರು ಬರೆದುಕೊಂಡರು.

ಕೆಲವು ವಾರಗಳ ಮೇಲೆ ಅವರ ಹೆಸರು ಹೋಯಿತು. ಜಾಗ ಖಾಲಿ ಬಿಡಲಿಲ್ಲ. ಒಪ್ಪಿಗೆಗಳ ಹಳೆಯ ಸಾಲನ್ನೇ ತಂದು ನಿಲ್ಲಿಸಿದರು.

ಜಯಕ್ಕ ಫೋನ್ ಮಾಡಿದರು. "ಮೆಸೇಜ್ ಈಗ ಒಂದೂ ಬರುದಿಲ್ಲ ಸುನಂದಕ್ಕ. ಬೆಳಿಗ್ಗೆ ಫೋನು ಸುಮ್ಮನೆ ಇರ್ತದೆ," ಎಂದರು. ಅದು ಸಮಾಧಾನವೋ ದೂರೋ ನನಗೆ ತಿಳಿಯಲಿಲ್ಲ.

ನಾನು ಹೊಸದಾಗಿ ಅರ್ಜಿ ಹಾಕಿದ್ದೇನೆ, ಆ ಹಳೆಯ ರ‍್ಯಾಕಿನ ನಂಬರು ಬರೆದು. ಮಳೆಗಾಲ ಮುಗಿಯುತ್ತಾ ಬಂದಿದೆ. ಬೆಂಚಿನ ಮೇಲೆ ಜನ ಕುಳಿತಿದ್ದಾರೆ. ಸರ್ವರ್ ಇನ್ನೂ ಬಂದಿಲ್ಲ.