ನಾಗು ಹೊಡೆದ ಗೋಲು ಎಷ್ಟು?

“ಗೋಲು ಎಷ್ಟು ಸಾರ್?”

ಕಾಮಾಕ್ಷಿಪಾಳ್ಯದ ಪುಟ್ಟ ವರ್ಕ್‌ಶಾಪಿನಲ್ಲಿ ಹಿತ್ತಾಳೆ ತಗಡಿನ ಮೇಲೆ ಅಕ್ಷರ ಕೊರೆಯುವ ನಜೀರ್ ಸಾಹೇಬರು ಕನ್ನಡಕದ ಮೇಲಿಂದ ನೋಡುತ್ತಾ ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ. ನನಗೇನು ಗೊತ್ತು?

ಮೊದಲು ವಿಷಯ ಹೇಳಿಬಿಡುತ್ತೇನೆ. ರಾಜಾಜಿನಗರದ ನಮ್ಮ ರಸ್ತೆಯ ನಾಗರಾಜ, ಎಲ್ಲರ ಬಾಯಲ್ಲಿ ನಾಗು, ಕಾಲೇಜು ಫುಟ್‌ಬಾಲ್ ಟೀಮಿನಲ್ಲಿ ಮೂರು ವರ್ಷ ಆಡಿದವನು. ಆಮೇಲೆ ಫ್ಯಾಕ್ಟರಿ ಸೇರಿದ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ. ಮೂವತ್ತೂ ತುಂಬಿರಲಿಲ್ಲ, ಪಾಪ. ಅವನ ಹೆಸರಿನಲ್ಲಿ ಒಂದು ಟೂರ್ನಮೆಂಟ್ ಮಾಡಿ, ಗೆದ್ದವರಿಗೆ ಶೀಲ್ಡ್ ಕೊಡೋಣ ಎಂದು ಬಡಾವಣೆ ಸಂಘದವರು ತೀರ್ಮಾನಿಸಿದರು. (ವರ್ಲ್ಡ್ ಕಪ್ ಗೆದ್ದಾಗಿನಿಂದ ಎಲ್ಲರಿಗೂ ಕ್ರಿಕೆಟ್ ಹುಚ್ಚು. ಅಂಥದ್ದರಲ್ಲಿ ಫುಟ್‌ಬಾಲ್ ಅಂದರಲ್ಲ, ಅದೇ ದೊಡ್ಡದು.) ಶೀಲ್ಡಿನ ಮೇಲಿನ ಬರಹದ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಪೇಪರಿಗೆ ಬರೆಯುವವನಿಗೆ ನಾಲ್ಕು ಸಾಲು ಯಾವ ಮಹಾ?

ನಜೀರ್ ಸಾಹೇಬರದು ಒಂದೇ ಪದ್ಧತಿ. ಮೇಲೆ ಹೆಸರು, ಕೆಳಗೆ ಕಾಲೇಜು. ಅದರ ಕೆಳಗೆ, ಕ್ರಿಕೆಟ್ ಆದರೆ ‘ರನ್ನುಗಳು’, ಫುಟ್‌ಬಾಲ್ ಆದರೆ ‘ಗೋಲುಗಳು’. ನಾನು ಹೋಗುವಷ್ಟರಲ್ಲಿ ‘ಗೋಲುಗಳು’ ಎಂದು ಕೊರೆದು, ಪಕ್ಕದಲ್ಲಿ ಎರಡು ಅಂಕಿಗೆ ಜಾಗ ಬಿಟ್ಟುಕೊಂಡು ಕೂತಿದ್ದರು.

“ನಂಬರ್ ತನ್ನಿ ಸಾರ್. ಭಾನುವಾರ ಫಂಕ್ಷನ್ ಅಂತೀರ, ಪಾಲಿಶ್ ಬೇರೆ ಆಗ್ಬೇಕು.”

ರಸ್ತೆಯಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. “ಏನ್ ಪ್ಲೇಯರ್ ಸಾರ್ ಅವನು!” ಎನ್ನುವವರೇ ಎಲ್ಲರೂ. ಅವನ ಒಂದು ಗೋಲನ್ನು ಕಣ್ಣಾರೆ ನೋಡಿದವರು ಒಬ್ಬರೂ ಇಲ್ಲ! ಸಂಘದ ಕಾರ್ಯದರ್ಶಿಯಂತೂ “ಐವತ್ತು ಅಂತ ಹಾಕ್ಸಿಬಿಡಿ, ಯಾರು ಎಣಿಸಿರ್ತಾರೆ?” ಎಂದು ಕೈತೊಳೆದುಕೊಂಡರು. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು. (ನನ್ನ ಹೆಂಡತಿ ಇದನ್ನು ಕೆದಕೋ ಚಾಳಿ ಅನ್ನುತ್ತಾಳೆ.)

ನಾಗುವಿನ ತಾಯಿ ರುಕ್ಕಮ್ಮನವರ ಮನೆಗೆ ಹೋದೆ.

“ಲೆಕ್ಕ ಯಾರು ಇಟ್ಟಿದ್ರು ಸಾರ್? ಮ್ಯಾಚ್ ಆಡಿ ಮಂಡಿ ತರಚ್ಕೊಂಡು ಬರೋನು. ‘ಗೋಲ್ ಹೊಡೆದ್ಯೇನೋ’ ಅಂದ್ರೆ ‘ಹೂಂ ಕಣಮ್ಮ, ಒಂದು’ ಅನ್ನೋನು. ಗೋಲ್ ಹೊಡೆದ ದಿನ ಕೇಸರಿಬಾತ್ ಆಗ್ಲೇಬೇಕು. ಮಾರನೇ ದಿನ ಕಾಲೇಜಿಗೆ ಡಬ್ಬೀಲೂ ಹಾಕಿಸ್ಕೊಳ್ಳೋನು. ಮನೇಲಿ ರವೆ ಉಳೀತಿರ್ಲಿಲ್ಲ ನೋಡಿ” ಎಂದು ನಕ್ಕರು. ಮರುಕ್ಷಣ ದನಿ ಇಳಿಯಿತು. “ಅವನು ಆಡೋದನ್ನ ನಾನು ಒಂದಿನಾನೂ ನೋಡ್ಲಿಲ್ಲ. ನಂಬರ್ ಸಿಕ್ಕಿದ್ರೆ ನಂಗೂ ಹೇಳಿ ಸಾರ್. ಅಷ್ಟಾದ್ರೂ ಗೊತ್ತಿರ್ಲಿ.”

ಈಗ ನಂಬರ್ ಬೇಕಾಗಿದ್ದು ಶೀಲ್ಡಿಗಲ್ಲ, ಆ ತಾಯಿಗೆ.

ನಾಗುವಿನ ಜೊತೆ ಆಡಿದ ಮುರುಗೇಶ ಕೆಂಗೇರಿ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಾನೆಂದು ತಿಳಿಯಿತು. ಫೋನ್ ಮಾಡೋಣವೆಂದರೆ ನಾನು ಅರ್ಜಿ ಹಾಕಿದ ಫೋನು ಇನ್ನೂ ಬಂದಿಲ್ಲ. (ಅದು ಬೇರೆಯೇ ಅಂಕಣ!) ಎರಡು ಬಸ್ ಬದಲಾಯಿಸಿ ಹೋದೆ.

“ನಾಗುನಾ? ಒಂದೂ ಇಲ್ಲ ಸಾರ್.”

ಏನು? ಮೂರು ವರ್ಷದಲ್ಲಿ ಒಂದೂ ಇಲ್ಲವೇ?

“ಹಾಫ್‌ಬ್ಯಾಕ್ ಸಾರ್ ಅವನು. ಎದುರು ಟೀಮಿನವರ ಕಾಲಿಂದ ಬಾಲ್ ಕಿತ್ಕೊಂಡು ನಂಗೆ ಕೊಡೋದೇ ಅವನ ಕೆಲಸ. ಏಟೆಲ್ಲ ಅವನಿಗೆ, ಗೋಲೆಲ್ಲ ನಂಗೆ. ಪೇಪರಲ್ಲಿ ಬರ್ತಿದ್ದ ಹೆಸರೂ ನಂದೇ.”

ಹಾಗಾದರೆ ಕೇಸರಿಬಾತ್ ಯಾವ ಗೋಲಿಗೆ? ಬಾಯಿಬಿಟ್ಟೇ ಕೇಳಿದೆ. ಮುರುಗೇಶ ಟಿಕೆಟ್ ಕಟ್ಟನ್ನು ಪಕ್ಕಕ್ಕಿಟ್ಟ.

“ಅಯ್ಯೋ, ಆ ಡಬ್ಬೀನಾ ಸಾರ್! ನಾನು ಗೋಲ್ ಹೊಡೆದ ಮಾರನೇ ದಿನ ತಂದು ಕೈಗಿಡೋನು. ‘ಅಮ್ಮ ಗೋಲಿಗೆ ಅಂತ ಮಾಡಿದ್ದು. ಗೋಲು ನಿಂದು ಮಗಾ, ನೀನೇ ತಿನ್ನು’ ಅನ್ನೋನು.”

ಎಂಥ ಆಸಾಮಿ ನೋಡಿ! ಅಮ್ಮನಿಗೆ ಸುಳ್ಳು ಹೇಳಿ ಮಾಡಿಸಿದ ಸಿಹಿಯನ್ನು ನಿಯತ್ತಾಗಿ ಗೋಲಿನ ವಾರಸುದಾರನಿಗೆ ತಲುಪಿಸಿದ್ದಾನೆ.

ನಿಜ ಹೇಳಲಾ? ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲೂ ಆ ‘ಐವತ್ತು’ ಸುಳಿದಾಡಿತು. ಮಗನನ್ನು ಕಳೆದುಕೊಂಡವರ ಹತ್ತಿರ ‘ಸೊನ್ನೆ’ ಅನ್ನುವುದು ಹೇಗೆ? ಆದರೆ ಅಷ್ಟಾದರೂ ಗೊತ್ತಿರಲಿ ಎಂದು ಕೇಳಿದ ಹೆಂಗಸಿಗೆ ಸುಳ್ಳು ಲೆಕ್ಕ ಒಪ್ಪಿಸುವುದು ಮೋಸವಲ್ಲವೇ?

ಶನಿವಾರ ಬೆಳಗ್ಗೆ ಮುರುಗೇಶನನ್ನೇ ಕರೆದುಕೊಂಡು ಅವರ ಮನೆಗೆ ಹೋದೆ. ಅವನೇ ಎಲ್ಲವನ್ನೂ ಹೇಳಿದ.

“ಒಂದೂ ಇಲ್ವಾ?” ಎಂದರು ರುಕ್ಕಮ್ಮ.

“ಇಲ್ಲಮ್ಮ. ಅವನಿಲ್ದಿದ್ರೆ ನಂದೂ ಒಂದೂ ಇರ್ತಿರ್ಲಿಲ್ಲ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾಕಾದರೂ ಕೆದಕಿದೆನೋ ಎಂದುಕೊಂಡೆ. ಅಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿ, “ಇಲ್ದಿರೋ ಗೋಲು ಹಾಕ್ಸಬೇಡಿ ಸಾರ್. ಅವನು ಏನು ಮಾಡ್ತಿದ್ದನೋ ಅದನ್ನ ಹಾಕ್ಸಿ” ಎಂದರು.

ನಜೀರ್ ಸಾಹೇಬರು ಗೊಣಗಲಿಲ್ಲ. “ಹಿತ್ತಾಳೆಗೆ ಹಿಂದ್ಗಡೆನೂ ಜಾಗ ಇರುತ್ತೆ ಬಿಡಿ ಸಾರ್” ಎಂದು ತಗಡನ್ನು ಮಗುಚಿ ಹೊಸದಾಗಿ ಕೊರೆದರು: ‘ನಾಗರಾಜ, ಹಾಫ್‌ಬ್ಯಾಕ್. ಗೋಲು ಹೊಡೆಯುವವರಿಗೆ ಚೆಂಡು ಕೊಟ್ಟವನು.’ ಭಾನುವಾರ ಅದನ್ನು ಓದಿದ ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದರು. ಮೈದಾನದಲ್ಲಿದ್ದ ಹುಡುಗರು ಮಾತ್ರ ಜೋರಾಗಿ ಚಪ್ಪಾಳೆ ಹೊಡೆದರು.

ನಾನಿನ್ನೂ ಆ ಶನಿವಾರದಲ್ಲೇ ಇದ್ದೇನೆ. ಅವತ್ತು ನಾವು ಚಪ್ಪಲಿ ಮೆಟ್ಟುತ್ತಿದ್ದಾಗ ರುಕ್ಕಮ್ಮ ಬಾಗಿಲಿಗೆ ಬಂದು ಮುರುಗೇಶನನ್ನು ತಡೆದು ಕೇಳಿದರು:

“ಅಷ್ಟೂ ಕೇಸರಿಬಾತ್ ತಿಂದೋನು ನೀನೇನೋ?”

“ಹೂಂ ಅಮ್ಮ.”

“ಸಿಹಿ ಸರಿಯಾಗಿರ್ತಿತ್ತಾ? ಅವನು ಒಂದಿನಾನೂ ಹೇಳ್ಲಿಲ್ಲ ಕಣೋ.”

ಮುರುಗೇಶ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಕಳಚಿದ. “ತುಂಬಾ ಚೆನ್ನಾಗಿರ್ತಿತ್ತಮ್ಮ” ಎಂದ, ಏಳೆಂಟು ವರ್ಷ ತಡವಾಗಿ.

ಅಂದಹಾಗೆ, ಇವತ್ತಿನ ತಿಂಡಿ ಹೇಗಿತ್ತು ಅಂತ ಮಾಡಿದವರಿಗೆ ನೀವು ಹೇಳಿದಿರಾ?